ಎಪ್ಪತ್ತು ಸಾವಿರದ ಡ್ಯಾಕ್ ವಾಪಸ್, ಅಂಗಳದಲ್ಲಿ ಅರ್ಥಿಂಗ್ ಗುಂಡಿ

ನನ್ನ ಓಟು ಯಾವುದಕ್ಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲವು ವರ್ಷಗಳಿಂದ ಮನೆಯಲ್ಲಿರುವ, ಅಂಗೈಯಗಲದ, ಫೋನ್, ಕಂಪ್ಯೂಟರಿನ ಹಾಡನ್ನು ಆಂಪ್ಲಿಫೈಯರಿಗೆ ಒಪ್ಪಿಸುವ 13,000 ರೂಪಾಯಿಯ ಡ್ಯಾಕ್‌ಗೆ. ಅದರ ಎದುರಿಗೆ ನಿಂತದ್ದು 70,000 ಬೆಲೆಯ ದೊಡ್ಡ ಪೆಟ್ಟಿಗೆ. ಜೊತೆಗೆ ಸುಮ್ಮನೆ ಇರಲಿ ಅಂತ ಮಗಳ ಫೋನಿನ ಡಾಂಗಲ್ (ಹೆಡ್‌ಫೋನ್ ತೂತಿಲ್ಲದ ಫೋನಿಗೆ ಸಿಕ್ಕಿಸುವ ಪುಟ್ಟ ಡ್ಯಾಕ್), ಸಾವಿರದ ಆಸುಪಾಸಿನದು. ಮೂರನ್ನೂ ಒಂದೇ ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರ್‌ಗೆ ಹಾಕಿ ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿದ್ದೇನೆ. ಕಂಪನಿ, ಮಾಡೆಲ್ ಹೆಸರು ಬರೆಯುತ್ತಿಲ್ಲ. ಆ ಬೆಲೆಯ ಯಾವ ಪೆಟ್ಟಿಗೆ ತಂದರೂ ಈ ಮಾತುಗಳು ಹೆಚ್ಚುಕಡಿಮೆ ಇವೇ ಇರುತ್ತವೆ. ಬಿಟ್, ಸ್ಯಾಂಪಲ್ ರೇಟ್ ಅನ್ನುವ ಅಂಕಿಗಳ ಪಟ್ಟಿ ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ, ಅದೂ ಇಲ್ಲಿ ಬೇಡ.

ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರ್‌, ಟಿವಿ, ಫೋನ್‌ಗಳಲ್ಲಿ ಹಾಡು ಬರೀ ಅಂಕಿಗಳಾಗಿ ಇರುತ್ತದೆ. ಅದನ್ನು ಆಂಪ್ಲಿಫೈಯರ್‌ಗೆ ತಿಳಿಯುವ ವೋಲ್ಟೇಜ್ ಮಾಡಿ ಕೊಡುವುದೇ ಡ್ಯಾಕ್. ಹೆಡ್‌ಫೋನ್ ತೂತಿರುವ ಪ್ರತಿ ಫೋನಿನಲ್ಲೂ ಒಂದು ಇದ್ದೇ ಇರುತ್ತದೆ. ಪ್ರಶ್ನೆ ಇರುವುದು ಬೇರೆ ಡ್ಯಾಕ್ ಬೇಕೋ ಬೇಡವೋ, ಬೇಕಾದರೆ ಎಷ್ಟರ ತನಕ ಹೋಗಬಹುದು ಅನ್ನುವುದರಲ್ಲಿ.

ದೊಡ್ಡ ಪೆಟ್ಟಿಗೆ ಬಂದದ್ದು ಹೈದರಾಬಾದಿನಲ್ಲಿರುವ ನನ್ನ ಷಡ್ಡಕರಿಂದ. ಅವರು ಅದಕ್ಕೂ ಮೇಲಿನದೊಂದನ್ನು ಕೊಂಡಿದ್ದರು (ಆ ರೋಗಕ್ಕೆ ಮದ್ದಿಲ್ಲ), ಇದನ್ನು ನನಗೆ 40,000ಕ್ಕೆ ಕೊಡಲು ತಯಾರಿದ್ದರು. "ಇಟ್ಕೊಂಡು ಕೇಳ್ರಿ, ಬ್ಯಾಡಂದ್ರ ವಾಪಸ್ ಕಳಸ್ರಿ, ಅದ್ರಾಗ ಸಂಕೋಚ ಏನದ?" ಅಂದರು. ಹೊಸದಕ್ಕೆ 70,000 ಕೊಡುವ ಮಾತೇ ಇರಲಿಲ್ಲ, 40,000 ಅಂದಾಗ ಮಾತ್ರ ಮನಸ್ಸು ಅಲ್ಲಾಡಿತು. ಸಂಬಳದವರ ಮನೆಯಲ್ಲಿ 40,000 ಅಂದರೆ ಒಂದು ಒಳ್ಳೆಯ ಜೋಡಿ ಸ್ಪೀಕರ್, ಇಲ್ಲವೇ ಒಂದು ಏಸಿ.

ಡಾಂಗಲ್ ಬಗ್ಗೆ ಹೆಚ್ಚಿಲ್ಲ. ಧ್ವನಿ ಸ್ವಚ್ಛ, ಬೆಲೆಗೆ ಮೀರಿದ್ದು. ಆದರೆ ಅದರಿಂದ ಹೊರಬರುವ ವೋಲ್ಟೇಜ್ ಕಡಿಮೆ. ಸಿಡಿ ಪ್ಲೇಯರ್ ಕಾಲದಿಂದ ಆಂಪ್ಲಿಫೈಯರ್‌ಗಳಿಗೆ 2 ವೋಲ್ಟ್ ಅಭ್ಯಾಸವಾಗಿದೆ, ಡಾಂಗಲ್ ಹೆಚ್ಚೆಂದರೆ 1 ವೋಲ್ಟ್ ಕೊಡುತ್ತದೆ. ಹಾಗಾಗಿ ವಾಲ್ಯೂಮ್ ಗುಂಡಿಯನ್ನು ಅಷ್ಟು ಜಾಸ್ತಿ ತಿರುಗಿಸಬೇಕು. ಅದಕ್ಕಿಂತ ದೊಡ್ಡ ಕಿರಿಕಿರಿ ಅಂದರೆ, ಫೋನ್ ಬಂದಾಗೆಲ್ಲ ಹಾಡು ನಿಲ್ಲುತ್ತದೆ. ಹಾಸ್ಟೆಲಿನಲ್ಲಿರುವ ಹುಡುಗರಿಗೆ ಇದೇ ಸಾಕು, ಇದಕ್ಕಿಂತ ಮೇಲೆ ಹೋಗಬೇಡಿ.

ಈಗ ಚಿಕ್ಕದು, ದೊಡ್ಡದು. ದೊಡ್ಡ ಪೆಟ್ಟಿಗೆ ಹಾಕಿದ ತಕ್ಷಣ ಯಾರಿಗಾದರೂ ಅದೇ ಮೇಲು ಅನ್ನಿಸುತ್ತದೆ. ತಬಲಾದ ಬಾಯಾಕ್ಕೆ ತೂಕ ಬಂದ ಹಾಗೆ, ತಂಬೂರಿ ಎರಡಡಿ ಮುಂದೆ ಬಂದು ಕೂತ ಹಾಗೆ. ಕಾರಣ ಸರಳ: ದೊಡ್ಡದು 2.5 ವೋಲ್ಟ್ ಕೊಡುತ್ತದೆ, ಚಿಕ್ಕದು 2 ವೋಲ್ಟ್. ಲೆಕ್ಕ ಹಾಕಿದರೆ ಸುಮಾರು 2 ಡೆಸಿಬೆಲ್ ಜೋರು. ಇಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ "ಜೋರಾಗಿದೆ" ಅಂತ ಗುರುತಿಸುವುದಿಲ್ಲ, "ಚೆನ್ನಾಗಿದೆ" ಅಂತ ಗುರುತಿಸುತ್ತದೆ. ದೊಡ್ಡ ಊರಿನ ಶೋರೂಮುಗಳಲ್ಲಿ ಬ್ಯಾಲೆನ್ಸ್ಡ್ ಕೇಬಲ್ (ಒಂದೇ ಧ್ವನಿಯನ್ನು ಎರಡು ತಂತಿಯಲ್ಲಿ ತಿರುಗುಮುರುಗಾಗಿ ಒಯ್ಯುವಂಥದ್ದು) ಹಾಕಿ 4 ವೋಲ್ಟಿನ ಡ್ಯಾಕ್ ಕೇಳಿಸಿ, ಪಕ್ಕದಲ್ಲೇ ಸಾದಾ ಕೇಬಲಿನ 2 ವೋಲ್ಟಿನದನ್ನು ಕೇಳಿಸಿದರೆ ವ್ಯತ್ಯಾಸ 6 ಡೆಸಿಬೆಲ್. ಆಮೇಲೆ ಗಿರಾಕಿಯೇ ಜೇಬಿಗೆ ಕೈ ಹಾಕುತ್ತಾನೆ, ಮಾರುವವರು ಮಾತೇ ಆಡಬೇಕಿಲ್ಲ.

ಹೋಲಿಸುವವರು ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. 100 ಹರ್ಟ್ಸ್‌ನ ಒಂದೇ ಸಮನೆಯ ಸ್ವರ ಹಾಕಿ, ಮೀಟರನ್ನು ಏಸಿ ವೋಲ್ಟ್‌ಗೆ ತಿರುಗಿಸಿ, ಸ್ಪೀಕರಿಗೆ ತಂತಿ ಸಿಕ್ಕಿಸುವ ಕಡೆ ಪ್ಲಸ್ಸಿಗೊಂದು, ಮೈನಸ್ಸಿಗೊಂದು ಕಡ್ಡಿ ಮುಟ್ಟಿಸಿ. ಎರಡೂ ಡ್ಯಾಕ್‌ಗೆ ಅದೇ ಅಂಕಿ ಬರುವ ಹಾಗೆ ವಾಲ್ಯೂಮ್ ಗುರುತು ಹಾಕಿಕೊಳ್ಳಿ. 1,000 ಹರ್ಟ್ಸ್ ಹಾಕಬೇಡಿ, ನಾವೆಲ್ಲ ಇಟ್ಟುಕೊಳ್ಳುವ ಸಾದಾ ಮೀಟರುಗಳು ಕರೆಂಟಿನ 50 ಹರ್ಟ್ಸ್ ಅಳೆಯಲು ಮಾಡಿದವು, ಅಷ್ಟು ಮೇಲೆ ಹೋದರೆ ಅವುಗಳ ಮಾತು ನಂಬುವ ಹಾಗಿಲ್ಲ.

ಹೀಗೆ ಸಮ ಮಾಡಿ, ಮಗಳನ್ನು ಆಂಪ್ಲಿಫೈಯರ್ ಹತ್ತಿರ ಕೂರಿಸಿ, ನಾನು ಬೆನ್ನು ತಿರುಗಿಸಿ ಕೂತೆ. ಒಂದು ಡ್ಯಾಕ್ ಆಂಪ್ಲಿಫೈಯರಿನ ಸಿಡಿ ಇನ್‌ಪುಟ್‌ನಲ್ಲಿ, ಇನ್ನೊಂದು ಆಕ್ಸ್‌ನಲ್ಲಿ. ವಿಲಂಬಿತದ ಆಲಾಪ, ಬರೀ ತಂಬೂರಿ, ತತ್ವಪದದ ಏಕತಾರಿ ಮತ್ತು ತಾಳ, ಹಳೆಯ ಆಕಾಶವಾಣಿ ಧ್ವನಿಮುದ್ರಣ, ಹೀಗೆ ಹಾಕಿಸಿದೆ. ಯಾವುದು ಯಾವುದು ಅಂತ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. "ಅಪ್ಪಾ, ನಾ ಬದಲೇ ಮಾಡಿದ್ದಿಲ್ಲ, ಆದ್ರೂ ನೀವು ಇದು ದೊಡ್ಡದು ಅಂದ್ರಿ" ಅಂತ ಅವಳು ನಕ್ಕ ಸಲವೂ ಇದೆ.

ಇದಕ್ಕೆ ಕಾರಣವಿದೆ. ಸಿಡಿ ಗುಣಮಟ್ಟದ 16 ಬಿಟ್ ಹಾಡಿನಲ್ಲಿ ಅತಿ ಮೆಲ್ಲನೆಗೂ ಅತಿ ಜೋರಿಗೂ ಇರಬಹುದಾದ ಅಂತರ ಸುಮಾರು 96 ಡೆಸಿಬೆಲ್. ನನ್ನ ಚಿಕ್ಕ ಡ್ಯಾಕ್ 110 ದಾಟುತ್ತದೆ, ದೊಡ್ಡದು 120 ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಕೂಲರ್ ಇಲ್ಲದೆ ಪಡಸಾಲೆಯಲ್ಲಿ ಕೂರುವವರು ಯಾರು? ಆ ಕೂಲರಿನ ಗಾಳಿ ಶಬ್ದವನ್ನು ದಾಟಿ ಆ ಹೆಚ್ಚುವರಿ ಹತ್ತು ಡೆಸಿಬೆಲ್ ಕೇಳಬೇಕಾದರೆ ಕಿವಿ ಹಾಳಾಗುವಷ್ಟು ಜೋರು ಇಡಬೇಕು.

ಇನ್ನು ಈ ಹೋಲಿಕೆಯ ಮುಖ್ಯ ತಕರಾರು. ಗುಂಯ್ ಅನ್ನುವ ಶಬ್ದ.

ದೊಡ್ಡ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಯುಎಸ್‌ಬಿ ಕೇಬಲಿನಿಂದ ಜೋಡಿಸಿದ ಗಳಿಗೆಯಿಂದ ಸ್ಪೀಕರ್ ಒಳಗೆ ಜೇನುಗೂಡು ಕಟ್ಟಿದ ಹಾಗಾಯಿತು. ಹಾಡು ನಿಲ್ಲಿಸಿದರೂ ಗುಂಯ್. ಅದರ ಮೇಲೊಂದು ಸಣ್ಣ ಚಿರ್ ಚಿರ್, ಮೌಸ್ ಅಲ್ಲಾಡಿಸಿದರೆ ಅದರ ಧಾಟಿ ಬದಲಾಗುತ್ತದೆ. ಚಿಕ್ಕ ಡ್ಯಾಕ್ ಇದ್ದಾಗಲೂ ಕಿವಿಯನ್ನು ಸ್ಪೀಕರ್‌ಗೆ ಹಚ್ಚಿದರೆ ಸಣ್ಣಗೆ ಏನೋ ಕೇಳುತ್ತಿತ್ತು, ಕುರ್ಚಿಯ ತನಕ ಬರುತ್ತಿರಲಿಲ್ಲ. ದೊಡ್ಡದರಲ್ಲಿ ಅದು ಅಡುಗೆಮನೆಯ ತನಕ ಹೋಯಿತು. ಕೇಬಲ್ ಬದಲಿಸಿ ನೋಡಿದೆ. ಕಂಪ್ಯೂಟರಿನ ಹಿಂದಿನ ಬೇರೆ ಬೇರೆ ಯುಎಸ್‌ಬಿ ತೂತು ನೋಡಿದೆ. ಷಡ್ಡಕರಿಗೆ ಫೋನ್ ಮಾಡಿದರೆ "ನಮ್ಮನ್ಯಾಗ ಪಿನ್ ಡ್ರಾಪ್ ಸೈಲೆಂಟ್ ಇತ್ತಲ್ರೀ" ಅಂದರು. ಅವರು ಹೇಳಿದ್ದೂ ಖರೆ.

ಆನ್‌ಲೈನಿನಲ್ಲಿ ಯುಎಸ್‌ಬಿ ಐಸೊಲೇಟರ್ ಸಿಗುತ್ತದೆ, ಕಂಪ್ಯೂಟರಿಗೂ ಡ್ಯಾಕ್‌ಗೂ ನಡುವೆ ವಿದ್ಯುತ್ ಸಂಪರ್ಕ ಕಡಿಯುವ ಪುಟ್ಟ ಡಬ್ಬಿ. ತರಿಸಿ ಹಾಕಿದೆ, ಗುಂಯ್ ನಿಂತಿತು. ಆದರೆ ಅಗ್ಗದ ಐಸೊಲೇಟರುಗಳು 12 ಮೆಗಾಬಿಟ್ ವೇಗದವು. ದೊಡ್ಡ ಪೆಟ್ಟಿಗೆ ಅಷ್ಟು ನಿಧಾನದ ದಾರಿಯಲ್ಲಿ ನಡೆಯಲು ಒಪ್ಪಲಿಲ್ಲ, ಕಂಪ್ಯೂಟರ್ ಅದನ್ನು ಒಮ್ಮೆ ಗುರುತಿಸಿತು, ಇನ್ನೊಮ್ಮೆ ಇಲ್ಲ. ಅದಕ್ಕಿಂತ ಹೆಚ್ಚು ವೇಗದ ಐಸೊಲೇಟರ್ ಬೆಲೆ ನೋಡಿ ಆ ಪುಟ ಮುಚ್ಚಿದೆ. ಗುಂಯ್ ನಿಲ್ಲಿಸಲು ಕೆಲವರು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ದಪ್ಪ ಪಿನ್ನಿಗೆ ಟೇಪ್ ಸುತ್ತುತ್ತಾರೆ, ಕಿತ್ತೇ ಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೋಹದ ಮೈಯ ಪೆಟ್ಟಿಗೆಯೊಳಗೆ ಒಂದು ತಂತಿ ಸಡಿಲಾದರೆ ಮುಟ್ಟಿದವರ ಜೀವ ಕಾಯುವುದು ಆ ದಪ್ಪ ಪಿನ್ನೇ.

ಕೊನೆಗೆ ಗಮನ ಹೋದದ್ದು ಇನ್ನೊಂದು ಕಡೆಗೆ. ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ಹಿಂಬದಿಯ ತಗಡು ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿದ್ದೆವು. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫಿಲ್ಟರ್ ಕೆಪಾಸಿಟರುಗಳಿರುತ್ತವೆ, ಅವು ಒಂದಿಷ್ಟು ಕರೆಂಟನ್ನು ತಗಡಿನ ಮೈಗೆ ಸೋರಿಸುತ್ತವೆ. ಅರ್ಥಿಂಗ್ ತಂತಿ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಆ ತಗಡು ಮನೆಯ ಕರೆಂಟಿನ ಹೆಚ್ಚುಕಡಿಮೆ ಅರ್ಧ ವೋಲ್ಟೇಜಿನಲ್ಲಿ, ಅಂದರೆ ನೂರು ವೋಲ್ಟಿಗೂ ಮೇಲೆ ತೇಲುತ್ತಿರುತ್ತದೆ. ಸೋರುವ ಪ್ರಮಾಣ ತೀರಾ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ಅದು ದಾರಿ ಹುಡುಕುತ್ತಿರುತ್ತದೆ. ಚಿಕ್ಕ ಡ್ಯಾಕ್‌ಗೆ ಬೇರೆ ಪ್ಲಗ್ಗೇ ಇಲ್ಲ, ನಮ್ಮ ಆಂಪ್ಲಿಫೈಯರಿಗೆ ಎರಡೇ ಪಿನ್ನು, ಹಾಗಾಗಿ ದಾರಿ ಸಿಕ್ಕಿರಲಿಲ್ಲ. ದೊಡ್ಡ ಪೆಟ್ಟಿಗೆಗೆ ಮೂರು ಪಿನ್ನು. ಪಡಸಾಲೆಯ ಆ ಬೋರ್ಡಿಗೆ ಹೇಗೋ ಒಂದು ಅರ್ಥ್ ತಂತಿ ಇತ್ತು. ಕಂಪ್ಯೂಟರಿನ ಸೋರಿಕೆಯೆಲ್ಲ ಯುಎಸ್‌ಬಿ ಕೇಬಲ್ ಹಿಡಿದು ಡ್ಯಾಕ್ ಒಳಗಿಂದ ನೆಲಕ್ಕೆ ಹೊರಟಿತು. ನಾನು ಕೇಳುತ್ತಿದ್ದದ್ದು ಅದರ ಪ್ರಯಾಣ. ಅಂದಮೇಲೆ ಪೆಟ್ಟಿಗೆಯಲ್ಲಿ ದೋಷವಿಲ್ಲ, ಮನೆಯಲ್ಲಿದೆ.

ಎಲೆಕ್ಟ್ರಿಷಿಯನ್ ಬಂದು ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ, "ಸರ, ಕಂಪ್ಯೂಟರ್ ಬೋರ್ಡಿಗೆ ಅರ್ಥಿಂಗೇ ಕೊಟ್ಟಿಲ್ರಿ. ಪಡಸಾಲಿದು ಅದ, ಖರೆ ಅದೂ ಸತ್ತಂಗ ಅದ" ಅಂದ. ಹಳೆಯ ಗುಂಡಿ ಹುಡುಕಿದರೆ, ಅಂಗಳದ ಮೂಲೆಯಲ್ಲಿ ಫರಸಿ ಕೆಳಗೆ, ಸುತ್ತಲಿನ ಕರಿ ಮಣ್ಣು ಬೇಸಿಗೆಗೆ ಒಣಗಿ ಬಿರಿದು ಪೈಪಿನಿಂದ ದೂರ ಸರಿದಿತ್ತು. ಎರೆ ಮಣ್ಣಿನ ಗುಣವೇ ಅದು, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮಣ್ಣು ಪೈಪನ್ನು ಬಿಟ್ಟ ಮೇಲೆ ಅರ್ಥಿಂಗ್ ಹೆಸರಿಗಷ್ಟೇ. ನಮ್ಮೂರಿನ ತೀನ್ ಕಂದೀಲ್ ವೃತ್ತದ ಕಡೆಯಿಂದ ಹೊಸ ಜಿಐ ಪೈಪು, ತಾಮ್ರದ ತಂತಿ ತಂದು, ಹೊಸ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಪದರು ಪದರಾಗಿ ತುಂಬಿಸಿ, ಮೇಲೆ ನೀರು ಹಾಕಲು ಒಂದು ಬಾಯಿ ಬಿಡಿಸಿದೆ. ಎರಡೂ ಬೋರ್ಡುಗಳ ಅರ್ಥ್ ಅದೇ ಗುಂಡಿಗೆ. ಕೂಲಿ ಸೇರಿ ಆರೂವರೆ ಸಾವಿರ ಆಯಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅದಕ್ಕೊಂದು ಕೊಡ ನೀರು ಹಾಕಲು ಹೇಳಿದ್ದಾನೆ, ಗಿಡಕ್ಕೆ ಹಾಕುವಾಗ ಅದಕ್ಕೂ ಹಾಕುತ್ತೇವೆ.

ಬೆರಳಿನ ಜುಮ್ ಹೋಯಿತು. ಗುಂಯ್ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು. ಉಳಿದ ಒಂದು ಪಾಲನ್ನು ಆಪ್ಟಿಕಲ್ ಕೇಬಲ್ ತೆಗೆಯಿತು. ಅದರಲ್ಲಿ ಹೋಗುವುದು ಬೆಳಕು ಮಾತ್ರ, ತಾಮ್ರವೇ ಇಲ್ಲ, ಸೋರಿಕೆ ಹತ್ತಲು ಏಣಿಯೇ ಇಲ್ಲ. ನಮ್ಮ ಕಂಪ್ಯೂಟರಿನ ಹಿಂದೆ ಆಪ್ಟಿಕಲ್ ತೂತು ಮೊದಲಿಂದಲೂ ಇತ್ತು, ಅದರ ಪುಟ್ಟ ಮುಚ್ಚಳ ಕೂಡ ಹಾಗೇ ಇತ್ತು. ಕೇಬಲ್ ಬೆಲೆ ಕೆಲವು ನೂರು. ಸಿಡಿಯನ್ನು ಮೀರಿದ 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದ ತನಕ ತಕರಾರಿಲ್ಲದೆ ಹೋಗುತ್ತದೆ, ನನ್ನ ಸಂಗ್ರಹದಲ್ಲಿ ಅದನ್ನು ಮೀರಿದ್ದು ಇಲ್ಲವೇ ಇಲ್ಲ. ಟಿವಿಯಿಂದ ಆಪ್ಟಿಕಲ್ ಎಳೆಯುವವರು ಸೆಟ್ಟಿಂಗಿನಲ್ಲಿ ಪಿಸಿಎಂ (ಅಂಕಿಗಳನ್ನು ಕುಗ್ಗಿಸದೆ ಕಳಿಸುವ ಸಾದಾ ಬಗೆ) ಆರಿಸಿ. ಡಾಲ್ಬಿ ಇಟ್ಟರೆ ಇಂಥ ಡ್ಯಾಕ್‌ಗಳು ಮೂಕವಾಗುತ್ತವೆ.

ನ್ಯಾಯವಾಗಿ ಹೇಳಬೇಕೆಂದರೆ ದೊಡ್ಡ ಪೆಟ್ಟಿಗೆಗೂ ಆಪ್ಟಿಕಲ್ ಇದೆ. ಹೊಸ ಅರ್ಥಿಂಗ್ ಆದ ಮೇಲೆ ಅದೂ ನಿಶ್ಶಬ್ದ. ಬೆನ್ನು ತಿರುಗಿಸಿ ಕೂತ ಪರೀಕ್ಷೆ ಮಾಡಿದ್ದೂ ಆಮೇಲೆಯೇ, ಇಲ್ಲದಿದ್ದರೆ ಗುಂಯ್ ಕೇಳಿಯೇ ಯಾವುದು ಅಂತ ಹೇಳಬಹುದಿತ್ತು. ಮೊದಲು ಚಿಕ್ಕದು ಗೆದ್ದದ್ದು ಗುಂಯ್ ಇಲ್ಲದ್ದಕ್ಕೆ, ಆಮೇಲೆ ಗೆದ್ದದ್ದು ಬೆಲೆಗೆ.

ಉಳಿದ ಸಣ್ಣಪುಟ್ಟ: ದೊಡ್ಡದಕ್ಕೆ ರಿಮೋಟ್ ಇದೆ, ಒಳ್ಳೆಯದು, ಅದೊಂದು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಬ್ಲೂಟೂತ್ ಇದೆ, ಬೇಕಿರಲಿಲ್ಲ. ಬ್ಯಾಲೆನ್ಸ್ಡ್ ಔಟ್‌ಪುಟ್ ಇದೆ, ನನ್ನ ಆಂಪ್ಲಿಫೈಯರಿನಲ್ಲಿ ಅದಕ್ಕೆ ತೂತಿಲ್ಲ. ಹಗಲಿಡೀ ಹಚ್ಚಿಟ್ಟರೆ ಮೈ ಬೆಚ್ಚಗಾಗುತ್ತದೆ, ನಮ್ಮ ಬೇಸಿಗೆಗೆ ಅದೂ ಬೇಡ.

ಡ್ಯಾಕ್ ಒಳಗೆ ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್ಪು ಯಾವ ಕಂಪನಿಯದು ಅನ್ನುವ ಚರ್ಚೆ ಕೇಳಿ ಕೇಳಿ ಸಾಕಾಗಿದೆ. ಎಕೆಎಂ ಚಿಪ್ ಮೃದು, ಇಎಸ್‌ಎಸ್ ಚಿಪ್ ಚೂಪು ಅಂತ ಷಡ್ಡಕರು ಊಟದ ನಡುವೆ ಭಾಷಣ ಮಾಡುತ್ತಾರೆ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಒಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಆ ಚಿಪ್ಪುಗಳು ಸಿಗದಾದಾಗ, ಎಷ್ಟೋ ಕಂಪನಿಗಳು ಹೊಸ ಆವೃತ್ತಿ ತಂದು ಒಳಗೆ ಇಎಸ್‌ಎಸ್ ಕೂರಿಸಿದವು. ಮುಚ್ಚಳ ತೆರೆಯದೆ ಬರೀ ಕೇಳಿ ಅದನ್ನು ಕಂಡುಹಿಡಿದವರನ್ನು ನಾನಂತೂ ಇನ್ನೂ ಭೇಟಿಯಾಗಿಲ್ಲ.

ಹಾಗಾದರೆ ಡ್ಯಾಕ್ ಬದಲಿಸಲೇಬಾರದೇ? ಈಗಿರುವುದು ಕಂಪ್ಯೂಟರಿನ ಒಳಗಿನ ಅಗ್ಗದ ಸೌಂಡ್ ಆಗಿದ್ದು, ಹಾಡಿಲ್ಲದಾಗಲೂ ಚಿರ್ ಚಿರ್ ಕೇಳುತ್ತಿದ್ದರೆ ಬದಲಿಸಿ, ಹತ್ತು ಹದಿಮೂರು ಸಾವಿರದೊಳಗೆ, ಆಪ್ಟಿಕಲ್ ಇರುವುದನ್ನೇ ನೋಡಿ. ಈಗಾಗಲೇ ಅಂಥದೊಂದು ಇದ್ದರೆ ಅಲ್ಲೇ ನಿಲ್ಲಿ. ರಿಮೋಟ್ ಬೇಕು, ಬ್ಯಾಲೆನ್ಸ್ಡ್ ಆಂಪ್ಲಿಫೈಯರ್ ಇದೆ, ದುಡ್ಡು ಭಾರ ಅನ್ನಿಸುವುದಿಲ್ಲ ಅನ್ನುವವರು ದೊಡ್ಡದು ಕೊಳ್ಳಲಿ, ಪೆಟ್ಟಿಗೆ ಕೆಟ್ಟದ್ದಲ್ಲ. ನಾನು ಕೇಳುವುದು ರಾತ್ರಿ ಊಟದ ನಂತರ, ಪಕ್ಕದ ಮನೆಯವರಿಗೆ ತೊಂದರೆಯಾಗದಷ್ಟು ಸಣ್ಣಗೆ, ಅದರಲ್ಲೂ ಅರ್ಧ ಹಳೆಯ ಧ್ವನಿಮುದ್ರಣ. ನನ್ನ 40,000ಕ್ಕೆ ಅಲ್ಲಿ ಕೆಲಸವಿಲ್ಲ.

ಪೆಟ್ಟಿಗೆ ವಾಪಸ್ ಹೈದರಾಬಾದ್ ಬಸ್ ಹತ್ತಿತು. ಆರೂವರೆ ಸಾವಿರ ಗುಂಡಿಗೆ ಹೋಯಿತು, ಒಂದಿಷ್ಟು ಹಣಕ್ಕೆ ಪಡಸಾಲೆಯ ಬರಿಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ ಬಂತು. ಸ್ಪೀಕರಿನ ಧ್ವನಿಯಲ್ಲಿ ವ್ಯತ್ಯಾಸ ಮಾಡಿದ್ದು ಆ ಜಮಖಾನೆ, ಅದನ್ನು ಗುರುತಿಸಲು ಮಲ್ಟಿಮೀಟರೂ ಬೇಕಾಗಲಿಲ್ಲ, ಬೆನ್ನು ತಿರುಗಿಸಿ ಕೂರುವುದೂ ಬೇಕಾಗಲಿಲ್ಲ. ಮುಂದಿನ ಬೋನಸ್ ಬಂದರೆ ಸ್ಪೀಕರ್ ನೋಡಬೇಕು. ಷಡ್ಡಕರ ಬಳಿ ಒಂದು ಜೋಡಿ ಖಾಲಿ ಬಿದ್ದಿದೆಯಂತೆ, ರೇಟ್ ಇನ್ನೂ ಹೇಳಿಲ್ಲ.