ಮಲೆನಾಡಿನ ಸಾಗರದ ಮಳೆಯಲ್ಲಿ ಮೂರೂವರೆ ವರ್ಷ: ನನ್ನ 16 ಇಂಚಿನ ಸ್ಕ್ರೋಲ್ ಸಾ

ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೋಲ್ ಸಾ ಅಂದರೆ ಮರದಲ್ಲಿ ಬಾಗು ಬಳುಕಿನ ಆಕಾರ ಕೊಯ್ಯುವ ಗರಗಸದ ಮಷೀನು. ಡಬ್ಬಿಯಿಂದ ತೆಗೆದ ಹಾಗೇ ಬಳಸಿದರೆ ಈ ಮಷೀನಿಗೆ ಐದರಲ್ಲಿ ಎರಡು ನಕ್ಷತ್ರ. ಪಿನ್ ಇಲ್ಲದ ಬ್ಲೇಡು ಹಾಕಿಕೊಂಡರೆ ನಾಲ್ಕು. ಇಷ್ಟು ಗೊತ್ತಾಗುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು.

ಕೊಂಡಿದ್ದು 2021ರ ಕೊನೆಯಲ್ಲಿ, ಆನ್‌ಲೈನಿನಲ್ಲಿ, 14 ಸಾವಿರ ಚಿಲ್ಲರೆಗೆ. ಬ್ರ್ಯಾಂಡಿನ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಮಷೀನು ನಾಲ್ಕೈದು ಹೆಸರಿನಲ್ಲಿ, ನಾಲ್ಕೈದು ಬಣ್ಣದಲ್ಲಿ ಮಾರಾಟಕ್ಕಿದೆ. 16 ಇಂಚು ಅಂದರೆ ಬ್ಲೇಡಿನಿಂದ ಹಿಂದೆ, ಅದನ್ನು ಹಿಡಿದ ತೋಳಿನ ಬುಡದವರೆಗೆ ಇರುವ ಜಾಗ, ಸುಮಾರು 405 ಮಿಲಿಮೀಟರ್. ಅದಕ್ಕಿಂತ ಉದ್ದದ ಹಲಗೆಯನ್ನು ಪೂರ್ತಿ ತಿರುಗಿಸಲು ಹೋದರೆ ಹಿಂದೆ ಬಡಿಯುತ್ತದೆ. ಮೋಟಾರು 120 ವ್ಯಾಟ್. ಬ್ಲೇಡು ನಿಮಿಷಕ್ಕೆ 550ರಿಂದ 1600 ಸಲ ಮೇಲೆ ಕೆಳಗೆ ಆಡುತ್ತದೆ. ವೇಗ ಹೆಚ್ಚು ಕಡಿಮೆ ಮಾಡಲು ಒಂದು ಗುಂಡಿ ಇದೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ. ಎಂಟು ಗಂಟೆ ಓಡಿಸಿದರೂ ಒಂದು ಯೂನಿಟ್ ಆಗುವುದಿಲ್ಲ.

ಅಂಗಡಿಗೆ ಹೋಗಿ ಸ್ಕ್ರೋಲ್ ಸಾ ಎಂದರೆ ಹತ್ತರಲ್ಲಿ ಒಂಬತ್ತು ಕಡೆ ಜಿಗ್‌ಸಾ ತೋರಿಸುತ್ತಾರೆ. ಅದು ಬೇರೆ. ಜಿಗ್‌ಸಾ ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುವಂಥದ್ದು. ಇಲ್ಲಿ ಮಷೀನು ನಿಂತಲ್ಲೇ ಇರುತ್ತದೆ, ನಾವು ಮರವನ್ನು ತಿರುಗಿಸುತ್ತಾ ಹೋಗಬೇಕು. ನಮ್ಮ ಬೀದಿಯ ಬಡಗಿ ಆಚಾರ್ರು ಮೊದಲ ಸಲ ಇದನ್ನು ನೋಡಿದಾಗ, "ಇದೆಂತ ಮಾರಾಯ್ರೆ, ಹೊಲಿಗೆ ಮಷೀನಾ?" ಎಂದು ನಕ್ಕಿದ್ದರು. ಸರಿಯಾಗೇ ಹೇಳಿದರು. ಎರಡೂ ಕೈ ಹಲಗೆಯ ಮೇಲೆ, ಕಣ್ಣು ಗೆರೆಯ ಮೇಲೆ. ನಮ್ಮಮ್ಮ ರವಿಕೆಯ ಕಂಕುಳ ಹೊಲಿಯುವಾಗ ಹೀಗೇ ಕೂರುತ್ತಿದ್ದಳು.

ಈಗ ಆ ಎಂಟು ತಿಂಗಳ ವಿಷಯ. ಮಷೀನಿನ ಜೊತೆ ಬಂದಿದ್ದು ಪಿನ್ ಇರುವ ಬ್ಲೇಡು. ಅದರ ಎರಡೂ ತುದಿಗೆ ಅಡ್ಡಕ್ಕೆ ಒಂದು ಪುಟ್ಟ ಕಡ್ಡಿ ಇರುತ್ತದೆ, ಕೊಕ್ಕೆಗೆ ಸಿಕ್ಕಿಸಿದರೆ ಮುಗಿಯಿತು. ಸುಲಭ. ಆದರೆ ಹಲಗೆಯಲ್ಲಿ ಅಕ್ಷರ ಬಿಡಿಸುವಾಗ ಅದರ ಹೊಟ್ಟೆಯನ್ನು, ಅಂದರೆ ಸುತ್ತಿನ ಒಳಗಿನ ಜಾಗವನ್ನು ಕೊಯ್ಯಬೇಕಾದರೆ ಮೊದಲು ಅಲ್ಲೊಂದು ತೂತು ಕೊರೆದು, ಬ್ಲೇಡನ್ನು ಅದರಲ್ಲಿ ತೂರಿಸಿ, ಆಮೇಲೆ ಮೇಲಿನ ತೋಳಿಗೆ ಸಿಕ್ಕಿಸಬೇಕು. ಆ ಕಡ್ಡಿ ತೂರುವಷ್ಟು ದೊಡ್ಡ ತೂತು ಕೊರೆದರೆ ಸಣ್ಣ ಅಕ್ಷರದ ಹೊಟ್ಟೆಯೇ ಹಾರಿಹೋಗುತ್ತದೆ! ಪಿನ್ ಇಲ್ಲದ ಬ್ಲೇಡಿಗೆ ಒಂದೂವರೆ ಮಿಲಿಮೀಟರಿನ ತೂತು ಸಾಕು. ಅದನ್ನು ಹಿಡಿಯುವ ಕ್ಲಾಂಪು ಡಬ್ಬಿಯ ತಳದಲ್ಲಿ ಒಂದು ಚೀಲದಲ್ಲಿ ಮೊದಲ ದಿನದಿಂದಲೂ ಇತ್ತು. ಕೈಪಿಡಿಯಲ್ಲಿ ಅದರ ಬಗ್ಗೆ ಎರಡೇ ಸಾಲು. ನಾನು ಅದನ್ನು ಹೆಚ್ಚುವರಿ ಸ್ಕ್ರೂ ಎಂದುಕೊಂಡು ಎತ್ತಿಟ್ಟಿದ್ದೆ. ತಪ್ಪು ನನ್ನದೂ ಇದೆ, ಒಪ್ಪುತ್ತೇನೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೊದಲ ವಾರ ಬ್ಲೇಡನ್ನು ತಲೆಕೆಳಗಾಗಿ ಹಾಕಿದ್ದೆ. ಹಲ್ಲು ಮುಂದಕ್ಕೆ ಮತ್ತು ಕೆಳಮುಖವಾಗಿ ಇರಬೇಕು. ಮೇಲ್ಮುಖವಾಗಿದ್ದರೆ ಬ್ಲೇಡು ಹಲಗೆಯನ್ನೇ ಎತ್ತಿ ಪಟಪಟ ಬಡಿಯುತ್ತದೆ. ಮಷೀನೇ ಸರಿ ಇಲ್ಲ ಎಂದು ವಾಪಸ್ ಕಳಿಸುವ ಫಾರ್ಮ್ ಅರ್ಧ ತುಂಬಿದ್ದೆ. ಅನುಮಾನ ಬಂದರೆ ಹಲ್ಲಿನ ಮೇಲೆ ಬೆರಳನ್ನು ಮೆಲ್ಲಗೆ ಸವರಿ ನೋಡಿ. ಯಾವ ಕಡೆಗೆ ಸವರಿದಾಗ ಚರ್ಮಕ್ಕೆ ಕಚ್ಚುತ್ತದೋ ಹಲ್ಲು ಅದರ ಎದುರು ದಿಕ್ಕಿಗಿದೆ ಎಂದರ್ಥ. ಮಷೀನು ಆಫ್ ಆಗಿರಲಿ, ಮತ್ತೆ!

ಬ್ಲೇಡು ಎಷ್ಟು ಬಿಗಿ ಇರಬೇಕು ಎನ್ನುವುದಕ್ಕೆ ಅಳತೆ ಇಲ್ಲ, ಕಿವಿಯೇ ಗತಿ. ಬೆರಳಲ್ಲಿ ಮೀಟಿದರೆ ತಂಬೂರಿ ತಂತಿಯ ಹಾಗೆ ಟಿಣ್ ಅನ್ನಬೇಕು. ದೊಪ್ ಅಂದರೆ ಸಡಿಲ. ಆಗ ತಿರುವಿನಲ್ಲಿ ಬ್ಲೇಡು ಬಾಗಿ, ಹಲಗೆಯ ಮೇಲೆ ಒಂದು ಆಕಾರ, ಕೆಳಗೆ ಇನ್ನೊಂದು ಆಕಾರ ಬರುತ್ತದೆ. ತೀರಾ ಬಿಗಿದರೆ ಮುರಿಯುತ್ತದೆ. ಮೊದಲ ವರ್ಷ ಸವೆದು ಬಿಸಾಕಿದ್ದಕ್ಕಿಂತ ಮುರಿದು ಬಿಸಾಕಿದ ಬ್ಲೇಡೇ ಜಾಸ್ತಿ.

ನಾನು ಇದನ್ನು ಕೊಂಡಿದ್ದು ಆಟಿಕೆ ಮಾಡಲು. ಮಗಳಿಗೆ ಆನೆ, ನವಿಲು, ಜೋಡಿಸುವ ಒಗಟು. ಅವಳು ಎರಡು ತಿಂಗಳು ಆಡಿ ಬಿಟ್ಟಳು. ಮಷೀನು ಮೂಲೆ ಸೇರದೆ ಉಳಿದಿದ್ದು ಕನ್ನಡ ಅಕ್ಷರದಿಂದ. ಮನೆಯ ಹೆಸರಿನ ಫಲಕ ಮಾಡೋಣ ಎಂದು ಕೂತಾಗ ಒಂದು ವಿಚಿತ್ರ ಕಂಡಿತು. ಈ ಮಷೀನಿಗೆ ಕಷ್ಟವಾಗುವುದು ಸುರುಳಿ ಅಲ್ಲ, ನೇರ ಗೆರೆ! ಬ್ಲೇಡಿನ ಒಂದು ಅಂಚು ಇನ್ನೊಂದಕ್ಕಿಂತ ತುಸು ಒರಟಾಗಿರುತ್ತದೆ. ಅದಕ್ಕೇ ಕೊಯ್ತ ಒಂದು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ನೇರ ಹೋಗಬೇಕಾದರೆ ಹಲಗೆಯನ್ನು ಮೂರ್ನಾಲ್ಕು ಡಿಗ್ರಿ ಓರೆ ಹಿಡಿದೇ ತಳ್ಳಬೇಕು. ಇಂಗ್ಲಿಷಿನ ಇ, ಎಫ್, ಎಚ್ ಕೊಯ್ದು ನೋಡಿ, ಒಂದು ಮಿಲಿಮೀಟರ್ ತಪ್ಪಿದರೂ ದೂರದಿಂದಲೇ ಕಾಣುತ್ತದೆ. ನಮ್ಮ ಲಿಪಿಯಲ್ಲಿ ನೇರ ಗೆರೆ ಎಲ್ಲಿದೆ ಹೇಳಿ? 'ಲ', 'ಉ', 'ಜ', ಎಲ್ಲವೂ ಬಾಗು, ಎಲ್ಲವೂ ಸುತ್ತು. ಒಂದು ಕೂದಲೆಳೆ ಆಚೀಚೆ ಆದರೆ ಅದು ಬರೆದವರ ಶೈಲಿ ಅನ್ನಿಸಿಕೊಳ್ಳುತ್ತದೆ.

ಹಾಗಂತ ಎಲ್ಲ ಸಲೀಸಲ್ಲ. ದೀರ್ಘ ಬೇರೆ ತುಂಡು, ಒತ್ತು ಬೇರೆ ತುಂಡು, ಸೊನ್ನೆ ಬೇರೆ ತುಂಡು. 'ಶ್ರೀ' ಒಂದೇ ತುಂಡಾಗಿ ಬರಬೇಕಾದರೆ ಎಲ್ಲಿ ಎಲ್ಲಿ ತಾಗಿಸಬೇಕು ಎಂದು ಕಾಗದದಲ್ಲೇ ಯೋಚಿಸಬೇಕು. 'ನುಡಿ' ತಂತ್ರಾಂಶದ ತೆಳು ಅಕ್ಷರಗಳನ್ನು ಹಾಗೇ ಪ್ರಿಂಟ್ ತೆಗೆದರೆ ತಲೆಕಟ್ಟು ಮುರಿಯುವುದು ಖಂಡಿತ. ದಪ್ಪ ಅಕ್ಷರ ಆರಿಸಿಕೊಂಡು, ಇನ್ನೂ ಸ್ವಲ್ಪ ದಪ್ಪ ಮಾಡಿ. ಒಳಗಿನ ಹೊಟ್ಟೆಯನ್ನು ಮೊದಲು ಕೊಯ್ಯಿರಿ, ಹೊರಗಿನ ಅಂಚನ್ನು ಕೊನೆಗೆ. ಹೊರಗಿನದು ಮೊದಲು ಹೋದರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ನನಗೆ ನೀರು ಕುಡಿಸಿದ್ದು 'ಠ'. ಹೊಟ್ಟೆಯಲ್ಲಿ ಚುಕ್ಕಿ ಇರುವ ಅಕ್ಷರ. ಪರಿಚಯದ ಹಿರಿಯರೊಬ್ಬರಿಗೆ 'ವಿಠಲ ನಿಲಯ' ಎಂದು ಫಲಕ ಮಾಡಿಕೊಡುತ್ತಿದ್ದೆ. ಚುಕ್ಕಿಯ ಸುತ್ತ ಕೊಯ್ದು ಮುಗಿದ ಕೂಡಲೇ ಅದು ಟಪಕ್ಕನೆ ಕೆಳಗೆ ಬಿತ್ತು. ಮರದ ಪುಡಿಯ ರಾಶಿಯಲ್ಲಿ ಅರ್ಧ ಗಂಟೆ ಹುಡುಕಿದೆ, ಸಿಗಲಿಲ್ಲ. ಅವರು ಬಂದು ನೋಡಿ, "ಇದು ವಿರಲ ಆಯ್ತಲ್ಲೋ!" ಎಂದರು. ಈಗ ಚುಕ್ಕಿಗಳನ್ನು ಬೇರೆ ಮರದಲ್ಲಿ ನಾಲ್ಕೈದು ಕೊಯ್ದು ಬೆಂಕಿಪೊಟ್ಟಣದಲ್ಲಿ ಹಾಕಿಡುತ್ತೇನೆ. ಅಕ್ಷರವನ್ನು ಹಿಂದಿನ ಹಲಗೆಗೆ ಅಂಟಿಸಿದ ಮೇಲೆ ಚುಕ್ಕಿಯನ್ನು ನಡುವೆ ಕೂರಿಸುವುದು. ಹಲಸಿನ ಹಳದಿ ಅಕ್ಷರಕ್ಕೆ ಕಪ್ಪು ಮರದ ಚುಕ್ಕಿ ಕೂರಿಸಿದರೆ ಚೆನ್ನಾಗಿಯೂ ಕಾಣುತ್ತದೆ.

ಮರಕ್ಕೆ ನಮ್ಮ ಕಡೆ ಬರವಿಲ್ಲ. ಆಚಾರ್ರ ಶೆಡ್ಡಿನ ತುಂಡುಗಳೇ ನನ್ನ ಉಗ್ರಾಣ. ಶಿವನೆ ಮೆತ್ತಗೆ, ಬೆಣ್ಣೆಯ ಹಾಗೆ ಕೊಯ್ಯಲು ಬರುತ್ತದೆ, ಕಲಿಯುವವರಿಗೆ ಅದೇ ಒಳ್ಳೆಯದು. ಹಲಸು ಸ್ವಲ್ಪ ಗಟ್ಟಿ, ಆದರೆ ಅಂಚು ನುಣುಪಾಗಿ ಬರುತ್ತದೆ, ವರ್ಷ ಕಳೆದಂತೆ ಬಣ್ಣ ಜೇನಿನ ಹಾಗೆ ಗಾಢವಾಗುತ್ತದೆ. ತೇಗದ ಧೂಳಿಗೆ ನನಗೆ ಸೀನು. ಗಟ್ಟಿ ಮರದಲ್ಲಿ ನಾರಿನ ದಿಕ್ಕು ನೋಡಿಕೊಳ್ಳಬೇಕು, ಅಕ್ಷರದ ತೆಳುವಾದ ಬಾಲ ನಾರಿಗೆ ಅಡ್ಡ ಬಂದರೆ ಪಟ್ ಎಂದು ಮುರಿಯುತ್ತದೆ. ಪ್ಲೈವುಡ್ಡಿಗೆ ಆ ತೊಂದರೆ ಇಲ್ಲ. ಆದರೆ ಅದರ ಅಂಟು ಬ್ಲೇಡನ್ನು ಬೇಗ ಮೊಂಡಾಗಿಸುತ್ತದೆ. ನನ್ನ ಲೆಕ್ಕದಲ್ಲಿ ಹಲಸಿನಲ್ಲಿ ಒಂದು ಬ್ಲೇಡು ಅರ್ಧ ಗಂಟೆ, ಪ್ಲೈನಲ್ಲಿ ಇಪ್ಪತ್ತು ನಿಮಿಷ. 6 ಮಿಲಿಮೀಟರ್ ಹಲಗೆಗೆ 3ನೇ ನಂಬರಿನ ಬ್ಲೇಡು, 12 ದಾಟಿದರೆ 5ನೇ ನಂಬರಿನದು ಬಳಸುತ್ತೇನೆ (ನಂಬರು ಹೆಚ್ಚಾದಷ್ಟು ಬ್ಲೇಡು ದಪ್ಪ). ಕೆಳಗಿನ ಕೆಲವು ಹಲ್ಲು ಮೇಲ್ಮುಖವಾಗಿರುವ ಬ್ಲೇಡು ಸಿಗುತ್ತದೆ, ಅದು ಹಲಗೆಯ ತಳ ಸಿಬಿರೇಳದ ಹಾಗೆ ನೋಡಿಕೊಳ್ಳುತ್ತದೆ. ಮಾದರಿ ಕಾಗದ ಅಂಟಿಸಿ, ಅದರ ಮೇಲೆ ಪಾರ್ಸೆಲ್ಲಿಗೆ ಹಾಕುವ ಪಾರದರ್ಶಕ ಟೇಪು ಅಂಟಿಸಿದರೆ ಅಂಚು ಸುಟ್ಟು ಕಪ್ಪಾಗುವುದು ಬಹಳ ಕಡಿಮೆಯಾಗುತ್ತದೆ.

ಬ್ಲೇಡು ನಮ್ಮೂರಲ್ಲಿ ಸಿಗುವುದಿಲ್ಲ, ಕೊರಿಯರ್‌ನಲ್ಲೇ ತರಿಸಬೇಕು. ಒಮ್ಮೆ ಪೂರ್ತಿ ಖಾಲಿಯಾದಾಗ ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಗೆ ಹೋದೆ. ಅವರ ಗರಗಸದ ಬ್ಲೇಡೂ ಐದು ಇಂಚಿನ ಆಸುಪಾಸು, ಪಿನ್ ಇಲ್ಲದ್ದು. ಕ್ಲಾಂಪಿಗೆ ಸರಿಯಾಗಿ ಕೂತಿತು. 3 ಮಿಲಿಮೀಟರ್ ಪ್ಲೈ ಮತ್ತು ಹಿತ್ತಾಳೆ ತಗಡಿಗೆ ಬಹಳ ಚೆಂದ. ದಪ್ಪ ಮರಕ್ಕೆ ಬೇಡ, ಒತ್ತೊತ್ತಾದ ಹಲ್ಲಿನ ಸಂದಿಯಲ್ಲಿ ಪುಡಿ ತುಂಬಿ ಬಿಸಿಯಾಗುತ್ತದೆ.

ಇನ್ನು ಮಳೆ. ಇದನ್ನು ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ. ಮೇಜಿನ ಭಾಗ ಎರಕದ ಕಬ್ಬಿಣ. ಮೊದಲ ಜೂನ್‌ನಲ್ಲಿ ಹದಿನೈದು ದಿನ ಮುಟ್ಟಲಿಲ್ಲ, ಆಮೇಲೆ ನೋಡಿದರೆ ಕಾವಿ ಬಳಿದ ಹಾಗೆ ತುಕ್ಕು! ಉಜ್ಜಿ ತೆಗೆದು ಮೇಣ ಸವರಿದೆ. ಈಗ ಮೇ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ ಮೇಣ ಹಚ್ಚಿ ಹಳೇ ಪಂಚೆ ಹೊದಿಸಿಡುತ್ತೇನೆ. ಮೇಣದಿಂದ ಹಲಗೆಯೂ ಸಲೀಸಾಗಿ ಜಾರುತ್ತದೆ. ಬ್ಲೇಡುಗಳನ್ನು ಅಕ್ಕಿಯ ಜೊತೆ ಡಬ್ಬಿಯಲ್ಲಿಟ್ಟಿದ್ದೇನೆ.

ಕರೆಂಟಿನ ಮಾತು ಕೇಳಲೇಬೇಡಿ. ಕರೆಂಟ್ ಕೊಡುವ ಲಿಂಗನಮಕ್ಕಿ ಅಣೆಕಟ್ಟು ಇರುವುದು ನಮ್ಮ ಸಾಗರ ತಾಲ್ಲೂಕಿನಲ್ಲೇ, ಕತ್ತಲೂ ನಮಗೇ. ನಡುವೆ ಹೋದರೆ ಕೊಯ್ತ ಹಾಳಾಗುವುದಿಲ್ಲ, ಬ್ಲೇಡು ನಿಂತಲ್ಲೇ ನಿಲ್ಲುತ್ತದೆ, ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಮೊದಲು ಸ್ವಿಚ್ ಆಫ್ ಮಾಡಿ. ಒಮ್ಮೆ ಮರೆತು ಕೈ ಇಟ್ಟುಕೊಂಡೇ ಕೂತಿದ್ದೆ, ಕರೆಂಟು ಬಂದಾಗ ಜೀವ ಬಾಯಿಗೆ ಬಂತು. ಮನೆಯ ಹಳೇ ಇನ್ವರ್ಟರಿನಲ್ಲೂ ಓಡುತ್ತದೆ, ಆದರೆ ಮೋಟಾರು ಗುಂಯ್‌ಗುಟ್ಟುತ್ತದೆ. ನಾನು ಈಗ ಹಾಗೆ ಓಡಿಸುವುದಿಲ್ಲ.

ಕೆಟ್ಟಿದ್ದೇನು? ಪುಡಿ ಊದುವ ಗಾಳಿಯ ಕೊಳವೆ ಮೂರನೇ ತಿಂಗಳಿಗೇ ಕಿತ್ತುಬಂತು. ಅಕ್ವೇರಿಯಂ ಪೈಪು ಹಾಕಿದ್ದೇನೆ, ಮೊದಲಿಗಿಂತ ವಾಸಿ. ಲೈಟು ಒಂದೇ ವರ್ಷ ಬಾಳಿತು. ಕ್ಲಾಂಪಿನ ಸ್ಕ್ರೂಗಳ ತಲೆ ಸವೆದುಹೋಗಿ, ಒಳ್ಳೆಯ ಉಕ್ಕಿನ ಸ್ಕ್ರೂ ಹಾಕಿಸಬೇಕಾಯಿತು. ಎರಡು ವರ್ಷಕ್ಕೆ ಮೇಲಿನ ತೋಳಿನಲ್ಲಿ ಟಕಟಕ ಶಬ್ದ ಶುರುವಾಯಿತು. ಸರ್ವಿಸ್‌ನವರು ಭಾಗ ಕಳಿಸುತ್ತೇವೆ ಎಂದು ಆರು ವಾರ ಕಾಯಿಸಿದರು, ಕಳಿಸಲಿಲ್ಲ. ಕೊನೆಗೆ ಆಚಾರ್ರ ಮಗ ತೋಳು ಬಿಚ್ಚಿ, ಸವೆದ ಬುಷ್ (ತೋಳು ಆಡುವ ಕೀಲಿನೊಳಗಿನ ಬಳೆ) ಬದಲಿಗೆ ಲೇತಿನಲ್ಲಿ ಹಿತ್ತಾಳೆಯದ್ದು ಮಾಡಿಸಿ ತಂದ. ಇನ್ನೂರೈವತ್ತು ರೂಪಾಯಿ ಮತ್ತು ಒಂದು ಕಾಫಿ. ಅಂದಿನಿಂದ ಸದ್ದಿಲ್ಲ. ಅದುರುವುದು ಮಾತ್ರ ಮೊದಲಿನಿಂದಲೂ ಇತ್ತು. ದಪ್ಪ ಹಲಗೆಗೆ ಬೋಲ್ಟ್ ಹಾಕಿ, ಅಡಿಗೆ ಲಾರಿ ಟ್ಯೂಬಿನ ತುಂಡು ಇಟ್ಟ ಮೇಲೆ ಮುಕ್ಕಾಲು ಭಾಗ ಕಡಿಮೆಯಾಯಿತು.

ಧೂಳನ್ನು ಹಗುರ ಮಾಡಬೇಡಿ. ಹಿಟ್ಟಿನಷ್ಟು ನುಣ್ಣನೆಯ ಪುಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಇನ್ನೂ ಕೆಟ್ಟದ್ದು, ಅದರಲ್ಲಿ ಅಂಟೂ ಸೇರಿರುತ್ತದೆ. ಎನ್95 ಮಾಸ್ಕು, ಕಿಟಕಿ ತೆರೆದು ಫ್ಯಾನು. ಬೆರಳು ಹೋಗುವಂಥ ಮಷೀನು ಅಲ್ಲ, ಆದರೆ ತುದಿ ಕೊಯ್ದುಕೊಳ್ಳುವುದು ಸುಲಭ. ನನಗೆ ಎರಡು ಸಲ ಆಗಿದೆ, ಎರಡೂ ಸಲ ಮಾತಾಡುತ್ತಾ ಕೊಯ್ಯುವಾಗ.

ಇಷ್ಟು ದುಡ್ಡು ಹಾಕುವ ಮೊದಲು ಒಂದು ಕೈಗರಗಸ ತಗೊಂಡು ನೋಡಿ. ಬಿಲ್ಲಿನಾಕಾರದ್ದು, ಕೆಲವೇ ನೂರು ರೂಪಾಯಿ. ಮೈಸೂರಿನ ಬೀಟೆ ಮರದ ಇನ್ಲೇ (ಒಂದು ಮರದಲ್ಲಿ ಬೇರೆ ಮರದ ತುಂಡು ಕೂರಿಸಿ ಚಿತ್ರ ಮಾಡುವ) ಕೆಲಸದವರು ಆನೆ, ಹಳ್ಳಿ ಮನೆಯ ಚಿತ್ರಗಳ ತೆಳು ಮರದ ತುಂಡುಗಳನ್ನು ಅಂಥ ಗರಗಸದಲ್ಲೇ ಕೊಯ್ಯುವುದನ್ನು ಕಂಡಿದ್ದೇನೆ. ಅವರ ಕೈಯ ನಯ ನನ್ನ ಮಷೀನಿಗಿಲ್ಲ. ಕೈಗರಗಸದಲ್ಲಿ ಒಂದು 'ಲ' ಕೊಯ್ದು ಖುಷಿಯಾದರೆ ಮಷೀನು ಕೊಳ್ಳಿ. ಸುಮ್ನೆ ವಿಡಿಯೋ ನೋಡಿ ಕೊಂಡರೆ ಅದು ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ.

ಮಷೀನಿನ ಜೊತೆಗೇ ಕೊಳ್ಳಬೇಕಾಗಿದ್ದು ಕಾಲಿನಲ್ಲಿ ಒತ್ತುವ ಸ್ವಿಚ್ಚು. ನಾನು ಮೂರನೇ ವರ್ಷ ಕೊಂಡೆ. ಕಾಲು ಎತ್ತಿದರೆ ಮಷೀನು ನಿಲ್ಲುತ್ತದೆ, ಎರಡೂ ಕೈ ಹಲಗೆಯ ಮೇಲೇ ಇರುತ್ತವೆ. ಮೊನ್ನೆ ಮಳೆಯಲ್ಲಿ ಕೂತು ಇನ್ನೊಂದು 'ವಿಠಲ' ಕೊಯ್ದೆ, ಈ ಸಲ ಬೆಂಕಿಪೊಟ್ಟಣದ ಚುಕ್ಕಿ ಬೇಡ ಎಂದು. ಒಳಗಿನ ಸುತ್ತು ಮುಗಿಯುವುದಕ್ಕೆ ಒಂದು ಕೂದಲೆಳೆ ಇದೆ ಎನ್ನುವಾಗ ಕಾಲು ಎತ್ತಿದೆ, ಹಲಗೆಯ ಕೆಳಗೆ ಕೈ ಒಡ್ಡಿದೆ, ಚುಕ್ಕಿಯನ್ನು ಬೆರಳಲ್ಲಿ ಒತ್ತಿ ಬಿಡಿಸಿಕೊಂಡೆ.