ಮಕ್ಕಳೇ ತಮ್ಮ ತಪ್ಪು ಹುಡುಕಬೇಕಾದರೆ: ಗಟ್ಟಿ ಓದೋ, ಅಂಚಿನ ಚುಕ್ಕಿಯೋ?

ಐದನೇ ಕ್ಲಾಸಿನ ಪ್ರಬಂಧಗಳನ್ನು ಪೂರ್ತಿ ತಿದ್ದಿ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಕೆಂಪು ಇಂಕಿನ ಗೆರೆಗಳನ್ನು ಯಾರೂ ನೋಡುವುದಿಲ್ಲ, ಕೆಳಗಿನ ಮಾರ್ಕ್ಸ್ ನೋಡಿ ಪುಸ್ತಕ ಮುಚ್ಚುತ್ತಾರೆ. ತಪ್ಪನ್ನು ಅವರೇ ಹುಡುಕಲಿ ಅಂತ ಬೇರೆ ಬೇರೆ ದಾರಿ ಹಿಡಿದು ನೋಡಿದೆ. ನಮ್ಮದು ಮಂಡ್ಯ ಕಡೆಯ ಶಾಲೆ. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಎಲ್ಲರೂ ಮೊದಲು ಹೇಳುವುದು ಗಟ್ಟಿಯಾಗಿ ಓದಿಸಿ ಅಂತ. ಒಳ್ಳೆಯದೇ. ಬಿಟ್ಟುಹೋದ ಒತ್ತು, ದೀರ್ಘ, ಪದ ಎಲ್ಲ ಕಿವಿಗೆ ಸಿಗುತ್ತವೆ. ‘ಕತ್ತೆ’ ಬರೆಯಲು ಹೋಗಿ ‘ಕತೆ’ ಬರೆದವನು ಓದುವಾಗ ತಾನೇ ನಿಲ್ಲುತ್ತಾನೆ. ಆದರೆ ಅಕ್ಷರಕ್ಕೆ ಬೆರಳಿಟ್ಟು ಓದಿಸಬೇಕು, ಇಲ್ಲದಿದ್ದರೆ ಬರೆದದ್ದನ್ನು ಬಿಟ್ಟು ಮನಸ್ಸಿನಲ್ಲಿ ಇರುವುದನ್ನೇ ಓದಿಬಿಡುತ್ತಾರೆ.

ತೊಂದರೆ ಬರುವುದು ನಮ್ಮ ಕಡೆಯ ಮಾತಿನಿಂದ. ಮನೆಯಲ್ಲಿ ಹಬ್ಬ ‘ಅಬ್ಬ’, ಹಾಲು ‘ಆಲು’. ಬರೆಯುವಾಗ ಹಕಾರ ಬಿಡಬಾರದು ಅನ್ನುವ ಭಯಕ್ಕೆ ಒಬ್ಬಳು ಬೇಡದ ಕಡೆಗೂ ಅದನ್ನು ಹಾಕಿ, ‘ಅಮ್ಮ ದೋಸೆಗೆ ಹಕ್ಕಿ ನೆನೆಹಾಕಿದರು’ ಅಂತ ಬರೆದಿದ್ದಳು. ಗಟ್ಟಿಯಾಗಿ ಓದು ಅಂದೆ. ‘ಅಕ್ಕಿ’ ಅಂತಲೇ ಓದಿ, “ಸರಿಯಾಗೇ ಐತಲ್ಲ ಮಿಸ್” ಅಂದಳು. ಮಹಾಪ್ರಾಣದ ಕತೆಯೂ ಇಷ್ಟೇ. ‘ಬಾಷೆ’ ಬರೆದರೂ ‘ಭಾಷೆ’ ಬರೆದರೂ ಬಾಯಲ್ಲಿ ಬರುವುದು ಒಂದೇ. ಬಾಯಲ್ಲೇ ಇಲ್ಲದ ವ್ಯತ್ಯಾಸವನ್ನು ಕಿವಿ ಎಲ್ಲಿಂದ ಹಿಡಿಯಬೇಕು?

ಹಾಗಾದರೆ ಕೊನೆಯ ಪದದಿಂದ ಹಿಂದಕ್ಕೆ ಓದಿಸೋಣ ಅಂತ ನೋಡಿದೆ. ಕಣ್ಣಿಗೆ ಒಂದೊಂದೇ ಪದ ಬೀಳುವುದರಿಂದ ‘ವಿದ್ಯಾರ್ತಿ’ ತರಹದ್ದು ಸಿಕ್ಕಿಬೀಳುತ್ತದೆ. ಆದರೆ ‘ಹಕ್ಕಿ’ ಒಂಟಿಯಾಗಿ ನಿಂತರೆ ತಪ್ಪೇ ಅಲ್ವಲ್ಲ! ‘ಹುಡುಗರು ಬಂದನು’ ಕೂಡ ಸುಮ್ನೆ ದಾಟಿಹೋಗುತ್ತದೆ. ಮಕ್ಕಳಿಗೆ ಬೇಗ ಬೇಜಾರೂ ಬರುತ್ತದೆ. ಉಕ್ತಲೇಖನಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಪುಸ್ತಕ ಅದಲು ಬದಲು ಮಾಡಿಸಿದರೆ ಕ್ಲಾಸಿಗೆ ಜೀವ ಬರುತ್ತದೆ. ಬೇರೆಯವರ ತಪ್ಪು ಹುಡುಕುವುದು ಯಾರಿಗೆ ಇಷ್ಟ ಇಲ್ಲ ಹೇಳಿ. “ಇಲ್ಲಿ ಯಾರು ಹೋದ್ರು ಅಂತಾನೇ ಬರೆದಿಲ್ಲ ನೀನು” ಅಂತ ಪಕ್ಕದವನು ಕೇಳಿದರೆ ಸಾಕು, ಅರ್ಥ ತಪ್ಪಿದ ಸಾಲು ನೆಟ್ಟಗಾಗುತ್ತದೆ. ಕಾಗುಣಿತಕ್ಕೆ ಮಾತ್ರ ಇದನ್ನು ನಂಬಬೇಡಿ, ಸರಿ ಇದ್ದ ‘ಶಂಖ’ವನ್ನು ‘ಸಂಕ’ ಮಾಡಿ ಕೊಡುತ್ತಾರೆ.

ನನಗೆ ಹಿಡಿಸಿದ್ದು ಅಂಚಿನ ಚುಕ್ಕಿ. ತಪ್ಪಿರುವ ಸಾಲಿನ ಪಕ್ಕ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಡುತ್ತೇನೆ, ಏನು ತಪ್ಪು ಅಂತ ಹೇಳುವುದಿಲ್ಲ. ಪುಟವಿಡೀ ಹುಡುಕು ಅಂದರೆ ಕೈಚೆಲ್ಲುವ ಮಗು ಒಂದು ಸಾಲಾದರೆ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತದೆ. ಹಕ್ಕಿ ಸಿಕ್ಕಿದ್ದೂ ಹೀಗೇ. ಆ ಸಾಲನ್ನೇ ನೋಡುತ್ತಾ ಕೂತು, ಆಮೇಲೆ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕಳು.

ಇದಕ್ಕೆ ನಮ್ಮ ಸಮಯ ಜಾಸ್ತಿ ಬೇಕು, ಅದು ನಿಜ. ಎಲ್ಲ ಸಾಲಿಗೂ ಚುಕ್ಕಿ ಬಿದ್ದರೆ ಮಗು ಕುಗ್ಗುತ್ತದೆ, ಅದಕ್ಕೇ ಒಂದು ವಾರ ಮಹಾಪ್ರಾಣಕ್ಕೆ ಮಾತ್ರ, ಇನ್ನೊಂದು ವಾರ ಒತ್ತಿಗೆ ಮಾತ್ರ ಇಡುತ್ತೇನೆ. ಚುರುಕಾದವರಿಗೆ ಚುಕ್ಕಿಯೂ ಇಲ್ಲ, ಪುಟದ ಕೆಳಗೆ ‘ಇಲ್ಲಿ ಐದಿವೆ’ ಅಂತ ಬರೆದು ಬಿಡುತ್ತೇನೆ.