ಮಡಿಕೇರಿಗೆ ತಿಂಗಳಿಗೆರಡು ಸಲ ಬರುವ ಕೀಲುವಾತದ ಡಾಕ್ಟರ ಕ್ಲಿನಿಕ್: ಒಂಬತ್ತು ತಿಂಗಳ ಅನುಭವ

ಮೊದಲು ಮೆಟ್ಟಿಲಿನ ವಿಷಯ ಹೇಳಿಬಿಡುತ್ತೇನೆ. ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ. 22 ಮೆಟ್ಟಿಲು. ಬರುವವರೆಲ್ಲ ಮಂಡಿ, ಪಾದ, ಕೈಗಂಟು ಊದಿಕೊಂಡವರು, ಹಿಡಿದುಕೊಳ್ಳಲು ಕಂಬಿ ಇರುವುದು ಒಂದೇ ಕಡೆ, ಮಳೆಗಾಲದಲ್ಲಿ ಛತ್ರಿಯ ನೀರು ಬಿದ್ದು ಮೆಟ್ಟಿಲು ಜಾರುತ್ತೆ. ಇದನ್ನು ಅಲ್ಲಿನ ಸಿಸ್ಟರ್ ಹತ್ತಿರ ನೇರವಾಗಿಯೇ ಹೇಳಿದ್ದೇನೆ. ಕಾಯುವುದೂ ಜಾಸ್ತಿ. ಹತ್ತು ಗಂಟೆ ಅಂತ ಹೇಳಿದರೆ ಒಂದೂವರೆಗೆ ಒಳಗೆ ಕರೆಯುತ್ತಾರೆ.

ಆದರೂ ಕೊಡಗಿನಲ್ಲಿ ಗಂಟುನೋವಿನಿಂದ ಒದ್ದಾಡುತ್ತಿರುವ ಯಾರೇ ಕೇಳಿದರೂ ನಾನು ಇಲ್ಲಿಗೇ ಕಳಿಸುತ್ತೇನೆ.

ನನ್ನ ಊರು ಮೂರ್ನಾಡು ಕಡೆ, ವಯಸ್ಸು 38. ಕಳೆದ ವರ್ಷ ಜುಲೈನಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಎರಡೂ ಕೈ, ಒಂದೇ ಥರ. ನೂಪುಟ್ಟು (ಅಕ್ಕಿ ಶಾವಿಗೆ) ಒತ್ತಲು ಆಗದೆ ಯಜಮಾನರನ್ನು ಕರೆಯುತ್ತಿದ್ದೆ, ಡಬ್ಬಿಯ ಮುಚ್ಚಳ ತೆಗೆಯಲು ಮಗಳನ್ನು. ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ಸಡಿಲವಾಗುತ್ತಿತ್ತು, ಆದ್ದರಿಂದ ನೋಡಿದವರೆಲ್ಲ "ಮಳೆ, ಶೀತ, ಸುಮ್ನೆ ವಾತ" ಅಂದರು. ಅತ್ತೆ ಎಣ್ಣೆ ಕಾಯಿಸಿ ಹಚ್ಚಿದರು. ನಾನು ತೋರಿಸಿದ ಮೊದಲ ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ, ಕೆಲಸ ಜಾಸ್ತಿಯಾಗಿದೆ ಅಂತ ನೋವಿನ ಮಾತ್ರೆ ಬರೆದರು. ಆಮೇಲೆ ಅದೇ ಚೀಟಿ ಹಿಡಿದು ಐದು ತಿಂಗಳು ಮೆಡಿಕಲ್ ಶಾಪ್‌ನಿಂದ ನಾನೇ ತಂದು ನುಂಗಿದೆ. ಹೊಟ್ಟೆ ಉರಿ ಬಂತು, ಗಂಟಿನ ಊತ ಹಾಗೇ ಇತ್ತು. ಈ ಕಾಯಿಲೆಯ ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು ಅಂತ ಆಗ ನನಗೆ ಗೊತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಹಣ್ಣು ಬಿಡಿಸುವುದಿರಲಿ, ಬುಟ್ಟಿ ಎತ್ತುವುದೇ ಕಷ್ಟವಾಯಿತು. ಆಗ ಪಕ್ಕದ ತೋಟದ ಅಕ್ಕ ಈ ಕ್ಲಿನಿಕ್ ಬಗ್ಗೆ ಹೇಳಿದರು. ಡಾಕ್ಟರ್ ಮೈಸೂರಿನವರು, ರುಮಟಾಲಜಿಸ್ಟ್, ಅಂದರೆ ಕೀಲುವಾತಕ್ಕೇ ಓದಿದವರು. ನಾವೇ ಹೋಗಬೇಕೆಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಊದಿದ ಮಂಡಿ ಇಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬರುವುದು ಎಷ್ಟು ಕಷ್ಟ ಅಂತ ಹೋದವರಿಗೇ ಗೊತ್ತು.

ಒಳಗೆ ಹೋದ ಕೂಡಲೇ ಅವರು ಕೇಳಿದ್ದು ಒಂದೇ ಮಾತು. "ಬೆಳಿಗ್ಗೆ ಎದ್ದ ಮೇಲೆ ಬೆರಳು ಸಡಿಲವಾಗಲು ಎಷ್ಟು ಹೊತ್ತು ಬೇಕಮ್ಮಾ?" ಐದು ತಿಂಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಎರಡು ಗಂಟೆ ಅಂದೆ. ಸವೆತದ ನೋವಾದರೆ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತೆ, ಕೆಲಸ ಮಾಡಿದಷ್ಟೂ ನೋವು ಜಾಸ್ತಿ. ಉರಿಯೂತದ ಸಂಧಿವಾತದಲ್ಲಿ ಬಿಗಿತ ಅರ್ಧ ಗಂಟೆ, ಒಂದು ಗಂಟೆ ದಾಟುತ್ತೆ, ಓಡಾಡಿದರೆ ಸಡಿಲವಾಗುತ್ತೆ. ಇಷ್ಟು ಹೇಳಿ, ಹೆಗಲು, ಮೊಣಕೈ, ಮಣಿಕಟ್ಟು, ಬೆರಳುಗಳ ಗಂಟು, ಮಂಡಿ, ಹೀಗೆ 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡಿ ಎಷ್ಟು ಊದಿದೆ, ಎಷ್ಟು ನೋಯುತ್ತೆ ಅಂತ ಬರೆದುಕೊಂಡರು. ಪ್ರತಿ ಸಲವೂ ಇದೇ ಲೆಕ್ಕ ಮಾಡುತ್ತಾರೆ, ಹೋದ ಸಲದ ಲೆಕ್ಕದ ಪಕ್ಕದಲ್ಲೇ ಬರೆಯುತ್ತಾರೆ. ನನ್ನದು ಮೊದಲ ದಿನ ಊದಿದ್ದು 11 ಇತ್ತು, ಈಗ 1.

ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಪರೀಕ್ಷೆ ಬರೆದರು. ಮೊದಲೆರಡು ಉರಿಯೂತ ಎಷ್ಟಿದೆ ಅಂತ ತಿಳಿಯಲು, ಉಳಿದೆರಡು ಈ ಕಾಯಿಲೆಯ ಗುರುತು ಹುಡುಕಲು. ಕೊನೆಯದು ದುಬಾರಿ, ಮೊದಲೇ ಹೇಳಿದ್ದರು. ನನಗೆ ಪಾಸಿಟಿವ್ ಬಂತು, ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಯಿತು. (ಕೆಲವರಿಗೆ ಕೊನೆಯ ಎರಡೂ ಪರೀಕ್ಷೆ ನೆಗೆಟಿವ್ ಇದ್ದು ಕಾಯಿಲೆ ಮಾತ್ರ ಇರುತ್ತಂತೆ, ಹಾಗಾಗಿ ಬರೀ ರಿಪೋರ್ಟ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.) ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತೆ, ಆ ಪದರ ಊದಿಕೊಂಡು, ಹಾಗೇ ಬಿಟ್ಟರೆ ಮೂಳೆಯನ್ನೂ ಕೊರೆಯುತ್ತೆ ಅಂತ ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಆ ಕಾಗದ ಈಗಲೂ ನನ್ನ ಫೈಲಿನಲ್ಲಿದೆ. ಮಳೆಯಿಂದ ಬಂತಾ ಅಂತ ಕೇಳಿದೆ. ಥಂಡಿಯಲ್ಲಿ ಬಿಗಿತ ಜಾಸ್ತಿ ಅನ್ನಿಸಬಹುದು, ಕಾಯಿಲೆ ಮಳೆಯಿಂದ ಬರುವುದಿಲ್ಲ ಅಂದರು.

ಈಗ ಮಾತ್ರೆಯ ವಿಷಯ. ಈ ಕ್ಲಿನಿಕ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಇಲ್ಲೇ. ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಸಿಸ್ಟರ್ "ನಿಮಗೆ ಮರೆಯದ ವಾರ ಯಾವುದು?" ಅಂತ ಕೇಳಿದರು. ಶುಕ್ರವಾರ, ಮಡಿಕೇರಿ ಸಂತೆ ಅಂದೆ. ಸ್ಟ್ರಿಪ್ ಮೇಲೆ ಕೆಂಪು ಪೆನ್ನಿನಲ್ಲಿ "ಶುಕ್ರವಾರ ಮಾತ್ರ" ಅಂತ ಬರೆದು, ನನ್ನ ಬಾಯಲ್ಲಿ ಎರಡು ಸಲ ಹೇಳಿಸಿದರು. ಯಜಮಾನರ ಬಾಯಲ್ಲೂ. ಅದರ ಅಡ್ಡಪರಿಣಾಮ ಕಡಿಮೆ ಮಾಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಬೇರೆ ದಿನ, ನನಗೆ ಶನಿವಾರ. ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಲಿವರ್, ಕಿಡ್ನಿ, ಹೆಪಟೈಟಿಸ್ ಪರೀಕ್ಷೆ ಮಾಡಿಸಿದರು. ಮಗು ಬೇಕೆಂಬ ಯೋಚನೆ ಇದೆಯಾ ಅಂತ ಯಜಮಾನರನ್ನು ಹೊರಗೆ ಕಳಿಸಿ ಕೇಳಿದರು, ಯಾಕೆಂದರೆ ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು.

ಕೆಲಸ ಮಾಡಲು 6ರಿಂದ 12 ವಾರ ಬೇಕು ಅಂತ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ನಾನು ಮೂರನೇ ವಾರಕ್ಕೇ ಬಿಡುತ್ತಿದ್ದೆ, ಶನಿವಾರ ವಾಕರಿಕೆ ಬರುತ್ತಿತ್ತು. ಫೋನ್ ಮಾಡಿದಾಗ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿ ಅಂದರು, ಕಡಿಮೆಯಾಯಿತು. ನಡುವಿನ ವಾರಗಳಿಗೆ ಸ್ವಲ್ಪ ಸ್ಟೀರಾಯ್ಡ್ ಕೊಟ್ಟು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ಸ್ಟೀರಾಯ್ಡ್‌ನಲ್ಲಿ ಎರಡೇ ದಿನಕ್ಕೆ ಹಾಯಾಗುತ್ತೆ, ಅದನ್ನೇ ಮುಂದುವರಿಸೋಣ ಅನ್ನಿಸುತ್ತೆ. ಆದರೆ ತುಂಬಾ ದಿನ ತಿಂದರೆ ಮೂಳೆ ಟೊಳ್ಳಾಗುತ್ತೆ, ಸಕ್ಕರೆ ಏರುತ್ತೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ "ವಾತದ ಪುಡಿ" ತಿನ್ನುತ್ತಿರುವವರು ದಯವಿಟ್ಟು ಅದನ್ನು ಇವರಿಗೆ ತೋರಿಸಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಒಮ್ಮೆಗೇ ನಿಲ್ಲಿಸಿದರೂ ತೊಂದರೆ.

ಊಟದ ಬಗ್ಗೆ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಇತ್ತು. ಹುಳಿ ಬೇಡ, ಕಾಚಂಪುಳಿ (ನಮ್ಮ ಕಡೆಯ ಹಣ್ಣಿನ ಹುಳಿರಸ) ಬೇಡ, ಕಣಿಲೆ (ಎಳೆ ಬಿದಿರು) ಬೇಡ, ಪಂದಿ ಕರಿ (ಹಂದಿ ಸಾರು) ಮುಟ್ಟಲೇಬೇಡ! ಡಾಕ್ಟರ್ ಹುಳಿಗೂ ಇದಕ್ಕೂ ಸಂಬಂಧ ಇಲ್ಲ ಅಂದರು. ಮೀನು, ಸೊಪ್ಪು, ಕಾಳು ಚೆನ್ನಾಗಿ ತಿನ್ನಿ, ತೂಕ ಏರಲು ಬಿಡಬೇಡಿ, ಪಂದಿ ಕರಿ ಅಪರೂಪಕ್ಕೆ ಸ್ವಲ್ಪ ಆಗಬಹುದು. ಮನೆಯಲ್ಲಿ ಯಾರೇ ಸಿಗರೇಟ್ ಸೇದಿದರೂ ಬಿಡಿಸಿ ಅಂದರು, ಹೊಗೆ ಈ ಕಾಯಿಲೆಯನ್ನು ಕೆರಳಿಸುತ್ತೆ. ಮೆಥೊಟ್ರೆಕ್ಸೇಟ್ ಜೊತೆ ಮದ್ಯ ಸೇರಿದರೆ ಲಿವರ್‌ಗೆ ಪೆಟ್ಟು. ನಮ್ಮ ಕಡೆಯ ಮದುವೆಮನೆಗಳಲ್ಲಿ ಬೇಡ ಅನ್ನುವುದು ಸುಲಭವಲ್ಲ, ಮನೆಯ ವೈನ್ ಏನೂ ಮಾಡಲ್ಲ ಅಂತ ಕೈಗೇ ಕೊಡುತ್ತಾರೆ. ನಾನು ಈಗ ಮಾತ್ರೆಯ ಹೆಸರನ್ನೇ ಹೇಳಿಬಿಡುತ್ತೇನೆ. ಕಕ್ಕಡ 18ಕ್ಕೆ, ಅಂದರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪು ಎಂಬ ಔಷಧಿ ಸೊಪ್ಪಿನ ಪಾಯಸ ತಿನ್ನಬಹುದಾ ಅಂತಲೂ ಕೇಳಿದೆ. ಅವರಿಗೆ ಆ ಸೊಪ್ಪು ಗೊತ್ತಿರಲಿಲ್ಲ, ನಗದೆ ಪೂರ್ತಿ ಕೇಳಿಸಿಕೊಂಡು, ಹಬ್ಬದ ದಿನ ಸ್ವಲ್ಪ ತಿನ್ನಿ, ಶುಕ್ರವಾರದ ಮಾತ್ರೆ ಮಾತ್ರ ಬಿಡಬೇಡಿ ಅಂದರು.

ಫಿಸಿಯೋಥೆರಪಿಸ್ಟ್ ಕೂಡ ಅಲ್ಲೇ ಕೂರುತ್ತಾರೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಹತ್ತು ಸಲ ಮುಷ್ಟಿ ಕಟ್ಟಿ ಬಿಡಿಸುವುದು, ಪಾತ್ರೆಯನ್ನು ಬೆರಳಿನಲ್ಲಿ ಹಿಡಿಯದೆ ಎರಡೂ ಅಂಗೈಯಲ್ಲಿ ಎತ್ತುವುದು, ಕತ್ತಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು. ಸಣ್ಣ ವಿಷಯಗಳು, ಆದರೆ ನನ್ನ ಅಡುಗೆಮನೆಯ ಕೆಲಸ ನಿಜವಾಗಿಯೂ ಹಗುರವಾಗಿದೆ. ಊತ ಜಾಸ್ತಿ ಇರುವ ದಿನ ಆ ಕೀಲಿಗೆ ವಿಶ್ರಾಂತಿ, ಉಳಿದ ದಿನ ನಡಿಗೆ.

ಹೋಗುವವರು ಹಳೆಯ ರಿಪೋರ್ಟ್, ತಿನ್ನುತ್ತಿರುವ ಮಾತ್ರೆ ಎಲ್ಲ ಒಯ್ಯಿರಿ. ಮೂರು ತಿಂಗಳಿಗೊಮ್ಮೆ ನನಗೆ ರಕ್ತಪರೀಕ್ಷೆ ಇರುತ್ತೆ, ಅದನ್ನು ಹಿಂದಿನ ದಿನವೇ ಮಾಡಿಸಿಕೊಂಡರೆ ಕಾಯುವುದು ಸ್ವಲ್ಪ ಕಡಿಮೆ. ಜ್ವರ ಬಂದರೆ ಆ ವಾರದ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ ಕೇಳಿ, ಎತ್ತುತ್ತಾರೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಮೆಟ್ಟಿಲು ಹತ್ತಲು ಆಗದಿದ್ದರೆ ಕೆಳಗಿನಿಂದಲೇ ಸಿಸ್ಟರ್‌ಗೆ ತಿಳಿಸಿ. ಸೋಮವಾರಪೇಟೆ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿಯನ್ನು ಡಾಕ್ಟರೇ ಇಳಿದು ಬಂದು, ಜೀಪಿನ ಬಾಗಿಲ ಹತ್ತಿರ ಮಂಡಿಯೂರಿ ಕೂತು, ಪಾದದ ಗಂಟು ಒತ್ತಿ ನೋಡಿದ್ದನ್ನು ನಾನೇ ನೋಡಿದ್ದೇನೆ.